ಹೆಸರಾಂತ ಅಶ್ವಗುರುಗಳ ಬಳಿ ಕಲಿಯಲು ಅಮೆರಿಕಕ್ಕೆ ಹೊರಡುವವರಿಗೆ

ಕುದುರೆಯನ್ನು ಬೆದರಿಸದೆ, ಅದರ ಸ್ವಭಾವವನ್ನು ಅರಿತು ಪಳಗಿಸುವ ನ್ಯಾಚುರಲ್ ಹಾರ್ಸ್‌ಮನ್‌ಶಿಪ್ ಪದ್ಧತಿಯನ್ನು ಅದರ ತವರಿನಲ್ಲೇ ಕಲಿಯಬೇಕೆಂಬ ಆಸೆಯಿಂದ ನಾನು ಅಮೆರಿಕದ ಪಶ್ಚಿಮ ಭಾಗದಲ್ಲಿ ಸುತ್ತಾಡಿದೆ. ಇದೇ ಉದ್ದೇಶದಿಂದ ಹೊರಡುವವರು ಎಲ್ಲಕ್ಕಿಂತ ಮೊದಲು ಸವಾರರಾಗಿ ಹೋಗುವುದೋ ಪ್ರೇಕ್ಷಕರಾಗಿ ಹೋಗುವುದೋ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಪ್ರಸಿದ್ಧ ತರಬೇತುದಾರರ ಶಿಬಿರಗಳಿಗೆ, ಅಲ್ಲಿನವರ ಮಾತಿನಲ್ಲಿ ಕ್ಲಿನಿಕ್‌ಗಳಿಗೆ, ಸವಾರರು ಸಾಮಾನ್ಯವಾಗಿ ತಮ್ಮದೇ ಕುದುರೆಯನ್ನು ತರಬೇಕಾಗುತ್ತದೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಕುದುರೆ ಸಾಗಿಸಲು, ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆಯನ್ನು ಪತ್ತೆಹಚ್ಚುವ ಕಾಗಿನ್ಸ್ ರಕ್ತಪರೀಕ್ಷೆಯ ವರದಿಯೂ ಪಶುವೈದ್ಯರ ಪ್ರಮಾಣಪತ್ರವೂ ಬೇಕು. ಹೊರದೇಶದಿಂದ ಬಂದವರಿಗೆ ಇದೆಲ್ಲ ಸುಲಭವಲ್ಲ. ಆದರೆ ಸವಾರರ ಶುಲ್ಕದ ಸಣ್ಣ ಪಾಲನ್ನಷ್ಟೇ ಕೊಟ್ಟು ಬೇಲಿಯ ಪಕ್ಕದಲ್ಲಿ ದಿನವಿಡೀ ಕುಳಿತು ನೋಡಲು ಅವಕಾಶವಿದ್ದು, ಹಾಗೆ ಬರುವವರನ್ನು ಆಡಿಟರ್ ಎನ್ನುತ್ತಾರೆ. ಮೊದಲ ಸಲ ಹೋಗುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ. ಜೀನಿನ ಮೇಲಿರುವವರ ಗಮನವೆಲ್ಲ ತಮ್ಮ ಕುದುರೆಯ ಮೇಲೆಯೇ ಇರುತ್ತದೆ. ಹೊರಗೆ ಕುಳಿತವರಿಗೆ ಗುರುವಿನ ಕೈ, ಕುದುರೆಯ ಕಿವಿ, ಸವಾರರ ತಪ್ಪು ಮೂರೂ ಒಟ್ಟಿಗೆ ಕಾಣುತ್ತವೆ.

ಗುರುಗಳ ಆಯ್ಕೆಯಲ್ಲಿ ಪರಂಪರೆಯನ್ನು ತಿಳಿದಿರುವುದು ಉಪಯುಕ್ತ. 1910ರಲ್ಲಿ ಹುಟ್ಟಿದ ಟಾಮ್ ಡೋರನ್ಸ್ ಅವರಿಂದ ರೇ ಹಂಟ್ ಅವರಿಗೆ, ಅವರಿಬ್ಬರಿಂದ ಬಕ್ ಬ್ರ್ಯಾನಮನ್ ಅವರಿಗೆ ಹರಿದುಬಂದ ಧಾರೆ ಒಂದು. ಇಲ್ಲಿ ಸಿದ್ಧ ಪಾಠಪಟ್ಟಿಗಿಂತ ಆ ಕ್ಷಣದಲ್ಲಿ ಕುದುರೆ ತೋರಿಸುವ ಸೂಚನೆಗೇ ಹೆಚ್ಚಿನ ಬೆಲೆ. ಪ್ಯಾಟ್ ಪರೆಲಿ ಅವರು ಅದೇ ತಿಳಿವಳಿಕೆಯನ್ನು ‘ಏಳು ಆಟಗಳು’ ಎಂಬ ಕ್ರಮಬದ್ಧ ಪಾಠಗಳಾಗಿ ವಿಂಗಡಿಸಿದ್ದರಿಂದ, ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವ ಹೊಸಬರಿಗೆ ಅದು ಅನುಕೂಲಕರ. ಮಾಂಟಿ ರಾಬರ್ಟ್ಸ್ ಅವರದು ಬೇರೆಯೇ ದಾರಿ. 1989ರಲ್ಲಿ ಎರಡನೇ ಎಲಿಜಬೆತ್ ರಾಣಿಯ ಆಹ್ವಾನದ ಮೇರೆಗೆ ವಿಂಡ್ಸರ್‌ನಲ್ಲಿ ಪ್ರದರ್ಶಿಸಿದ ‘ಜಾಯಿನ್-ಅಪ್’ (ಕುದುರೆ ತಾನಾಗಿಯೇ ತರಬೇತುದಾರನ ಬಳಿಗೆ ಬರುವಂತೆ ಮಾಡುವ) ವಿಧಾನದಿಂದ ಅವರು ಜಗತ್ತಿಗೆ ಪರಿಚಿತರಾದರು. ಬ್ರ್ಯಾನಮನ್, ಪರೆಲಿ, ರಾಬರ್ಟ್ಸ್ ಈ ಮೂವರನ್ನೂ ಒಂದೇ ಪ್ರವಾಸದಲ್ಲಿ ಮುಗಿಸಿಬಿಡುವ ಉತ್ಸಾಹ ಬೇಡ; ಒಬ್ಬರ ಪರಿಭಾಷೆ ಇನ್ನೊಬ್ಬರದಕ್ಕೆ ಹೊಂದದೆ ಗೊಂದಲವೇ ಹೆಚ್ಚಾಗುತ್ತದೆ.

ಎಲ್ಲರಲ್ಲೂ ಸಮಾನವಾಗಿರುವುದು ಒತ್ತಡ ಮತ್ತು ಬಿಡುವಿನ ತತ್ತ್ವ. ಹಗ್ಗವನ್ನು ಲಘುವಾಗಿ ಬಿಗಿಗೊಳಿಸಿದಾಗ ಕುದುರೆ ಕಲಿಯುವುದಿಲ್ಲ. ಅದು ಸರಿಯಾದ ಕಡೆಗೆ ಒಂದಿಷ್ಟು ವಾಲಿದೊಡನೆ ಹಗ್ಗ ಸಡಿಲವಾಗುತ್ತದೆಯಲ್ಲ, ಆ ಕ್ಷಣದಲ್ಲಿ ಕಲಿಯುತ್ತದೆ. ಬಿಡುವು ತಡವಾದರೆ ಆ ಹೊತ್ತಿಗೆ ಕುದುರೆ ತಲೆ ಕೊಡವುತ್ತಿರಬಹುದು, ಅದು ಕಲಿಯುವುದೂ ತಲೆ ಕೊಡವುವುದನ್ನೇ. ಆದ್ದರಿಂದ ಬೇಲಿಯ ಬಳಿ ಕುಳಿತವರು ಕುದುರೆಯ ಓಟಕ್ಕೆ ಮರುಳಾಗದೆ ಗುರುವಿನ ಬೆರಳುಗಳು ಯಾವಾಗ ಸಡಿಲಗೊಳ್ಳುತ್ತವೆ ಎಂಬುದನ್ನಷ್ಟೇ ಗಮನಿಸಬೇಕು. ಒಂದು ಇಡೀ ಬೆಳಗ್ಗೆಯನ್ನು ಇದೊಂದಕ್ಕೇ ಮೀಸಲಿಟ್ಟರೂ ನಷ್ಟವಿಲ್ಲ. ಜಾಯಿನ್-ಅಪ್ ನೋಡುವಾಗಲೂ ಇಂಥದೇ ಎಚ್ಚರ ಬೇಕು. ಸುಮಾರು 50 ಅಡಿ ವ್ಯಾಸದ ದುಂಡು ಅಂಗಳದಲ್ಲಿ ಓಡುವ ಕುದುರೆ ಅಂಗಳದ ಒಳಬದಿಗಿರುವ ಕಿವಿಯನ್ನು ತರಬೇತುದಾರನತ್ತ ತಿರುಗಿಸಿ, ಬಾಯಿ ಚಪ್ಪರಿಸಿ, ತಲೆ ತಗ್ಗಿಸಿದಾಗ ಆತ ದೃಷ್ಟಿ ತಪ್ಪಿಸಿ ಹೆಗಲು ತಿರುಗಿಸುತ್ತಾನೆ. ಕುದುರೆ ಬಳಿಗೆ ಬರುತ್ತದೆ. ನೆರೆದವರ ಕಣ್ಣು ತೇವವಾಗುವುದು ಇಲ್ಲಿಯೇ. ಆದರೆ ಚಪ್ಪರಿಸುವುದು ಒಪ್ಪಿಗೆಯ ಗುರುತೋ ಉದ್ವೇಗ ಇಳಿಯುತ್ತಿರುವುದರ ಗುರುತೋ ಎಂಬ ಬಗ್ಗೆ ಭಿನ್ನಾಭಿಪ್ರಾಯವಿದೆ. ನನಗೆ ಎರಡನೆಯದೇ ಹೆಚ್ಚು ನಂಬಲರ್ಹವಾಗಿ ತೋರುತ್ತದೆ. ದಣಿದ ಕುದುರೆಯೂ ನಿಲ್ಲುತ್ತದೆ ಎಂಬುದನ್ನು ಮರೆಯಬಾರದು.

ರಾಬರ್ಟ್ಸ್ ಅವರ ಹೆಸರಿನೊಂದಿಗೆ ಬೆಸೆದಿರುವ ಕ್ಯಾಲಿಫೋರ್ನಿಯಾದ ಸಾಲ್ವಾಂಗ್ ಪಟ್ಟಣ ಲಾಸ್ ಏಂಜಲಿಸ್‌ನಿಂದ ಕಾರಿನಲ್ಲಿ ಅರ್ಧ ದಿನದೊಳಗೆ ತಲುಪುವಷ್ಟು ದೂರದಲ್ಲಿದೆ. ಪರೆಲಿ ಅವರ ಹೆಸರಿನಿಂದ ಪರಿಚಿತವಾದ ಕೊಲೊರಾಡೊದ ಪಗೋಸಾ ಸ್ಪ್ರಿಂಗ್ಸ್ ಸಮುದ್ರಮಟ್ಟದಿಂದ 7,000 ಅಡಿಗೂ ಮೇಲಿರುವುದರಿಂದ ಅಲ್ಲಿ ಮೊದಲ ದಿನ ವಿಶ್ರಾಂತಿ ಅಗತ್ಯ. ಎರಡು ಕಡೆಯೂ ಬಾಡಿಗೆ ಕಾರಿಲ್ಲದೆ ಓಡಾಟ ಕಷ್ಟ. ಅಲ್ಪಾವಧಿಯ, ಪದವಿಗೆ ಸಲ್ಲದ ಹವ್ಯಾಸದ ಕಲಿಕೆಗೆ ಪ್ರವಾಸಿ ವೀಸಾ ಸಾಕಾಗುತ್ತದೆ. ಕೂಲಿಯ ಬದಲು ಕಲಿಕೆ ಎಂದು ಲಾಯದಲ್ಲಿ ದುಡಿಯುವ ಒಪ್ಪಂದಕ್ಕೆ ಮಾತ್ರ ಆ ವೀಸಾದ ಮೇಲೆ ಕೈಹಾಕಬಾರದು. ಇತ್ತೀಚೆಗೆ ಬೇರೆ ದೇಶದ ಫಾರ್ಮಿಗೆ ಹೋಗಿದ್ದರೆ ಅದನ್ನು ಕಸ್ಟಮ್ಸ್‌ನಲ್ಲಿ ತಿಳಿಸಬೇಕು, ಬೂಟಿನಲ್ಲಿ ಮಣ್ಣು ಉಳಿದಿರಬಾರದು. ಕುದುರೆಯನ್ನು ಅವರೇ ಒದಗಿಸುವ ಕಡೆ ಸವಾರಿ ಮಾಡುವುದಾದರೆ ನಿಮ್ಮ ತೂಕವನ್ನು ಮೊದಲೇ ಕೇಳುತ್ತಾರೆ, ಹೊಣೆ ನಿಮ್ಮದೇ ಎಂಬ ಪತ್ರಕ್ಕೆ ಸಹಿಯನ್ನೂ ಪಡೆಯುತ್ತಾರೆ. ಪ್ರವಾಸ ವಿಮೆಯಲ್ಲಿ ಕುದುರೆ ಸವಾರಿ ಸೇರಿದೆಯೇ ಎಂದು ಓದಿ ನೋಡಿ. ಅನೇಕ ವಿಮೆಗಳಲ್ಲಿ ಇರುವುದಿಲ್ಲ.

ಅಂಗಳದ ಧೂಳಿಗೆ ಟೋಪಿ, ಮಡಿಸುವ ಕುರ್ಚಿ, ನೋಟ್‌ಬುಕ್ ಇರಲಿ. ವಿಡಿಯೊ ತೆಗೆಯುವ ಮುನ್ನ ಅನುಮತಿ ಕೇಳಿ. ಮಳಿಗೆಯ ಹಗ್ಗ ಮತ್ತು ಕೋಲುಗಳನ್ನು ಮೊದಲ ದಿನವೇ ಕೊಳ್ಳಬೇಡಿ. ಒಳ್ಳೆಯ ಭಾರವುಳ್ಳ ಉದ್ದನೆಯ ಹಗ್ಗವೊಂದು ಸಾಕು. ಪ್ರಶ್ನೆ ಕೇಳುವ ಅವಕಾಶ ಸಿಕ್ಕಾಗ ಮನೆಯಲ್ಲಿರುವ ಕುದುರೆಯ ಕಥೆ ಹೇಳುವ ಬದಲು ಅಂಗಳದಲ್ಲಿ ಆಗಷ್ಟೇ ಕಂಡದ್ದನ್ನು ಕೇಳಿದರೆ ಗುರುಗಳು ಮಾಡಿ ತೋರಿಸಿ ಉತ್ತರಿಸಬಲ್ಲರು. ಕ್ಲಿನಿಕ್ಕುಗಳು ಬಹುಪಾಲು ಮೂರು ಅಥವಾ ನಾಲ್ಕು ದಿನ ನಡೆಯುತ್ತವೆ. ಮೊದಲ ದಿನ ಜೀನು ಕಂಡರೆ ಹಿಮ್ಮೆಟ್ಟುವ ಎಳೆಯ ಕುದುರೆ ಕೊನೆಯ ದಿನ ಹೇಗಿರುತ್ತದೆ ಎಂಬುದನ್ನು ನೋಡಲೆಂದೇ ಹೋಗಿರುತ್ತೇವಾದ್ದರಿಂದ, ವಾಪಸಿನ ವಿಮಾನವನ್ನು ಶಿಬಿರ ಮುಗಿದ ಮರುದಿನಕ್ಕೇ ಕಾಯ್ದಿರಿಸಿ.