ಮ್ಯಾಗ್ನಮ್ ರಿವಾಲ್ವರಿಗೆ ತಡೆದ ಸ್ಕೋಪು ನಿಮ್ಮ ಏರ್‌ಗನ್ನಿಗೆ ಯಾಕೆ ತಡೆಯೋದಿಲ್ಲ

"ಸರ, ಈ ಸ್ಕೋಪ ಫಾರ್ಟಿಫೋರ್ ಮ್ಯಾಗ್ನಮ್ ರಿವಾಲ್ವರ್ ಮ್ಯಾಲ ಕೂಡ್ಸಿ ಹೊಡದ ತೋರ್ಸ್ಯಾರ, ವಿಡಿಯೋ ಐತಿ. ನಮ್ಮ ಛರ್ರೆ ಬಂದೂಕಿಗೆ ಏನ್ ಆಗ್ತೈತ್ರಿ?"

ಹುಬ್ಬಳ್ಳಿಯಿಂದ ಹಾವೇರಿತನಕ ಏರ್‌ಗನ್ ಇಟ್ಟುಕೊಂಡವರೆಲ್ಲ ಕೇಳುವ ಪ್ರಶ್ನೆ ಇದೇ, ಧಾಟಿಯೂ ಇದೇ. ಉತ್ತರ ಅವರ ಹತ್ತಿರ ಆಗಲೇ ಇರುತ್ತದೆ; ನಾನು ಹೂಂ ಅನ್ನಬೇಕು, ಅಷ್ಟೇ. ಅನ್ನುವುದಿಲ್ಲ. ಆಗ ಎರಡನೇ ಪ್ರಶ್ನೆ ಬರುತ್ತದೆ: "ಹಂಗಾರ ಎಷ್ಟ ಝೂಮ್ ಇರೂದು ತೊಗೊಳ್ಳೂಣು?" ಝೂಮಿಗೂ ಒದೆತಕ್ಕೂ ಏನ್ರಿ ಸಂಬಂಧ? ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದೇ ಬಿಡುತ್ತೇನೆ.

ಮೊದಲು ಆ ರಿವಾಲ್ವರಿನ ಕಥೆ. .44 ಮ್ಯಾಗ್ನಮ್ ತೋಟಾ ಬಂದದ್ದು 1955ರಲ್ಲಿ. ಅದರ 240 ಗ್ರೇನ್ ಗುಂಡು, ಅಂದರೆ ಸುಮಾರು 15.5 ಗ್ರಾಂ, ಸೆಕೆಂಡಿಗೆ 400 ಮೀಟರ್ ದಾಟಿ ಹೊರಡುತ್ತದೆ. 1.3 ಕಿಲೋ ತೂಕದ ರಿವಾಲ್ವರು ಸೆಕೆಂಡಿಗೆ 5–6 ಮೀಟರ್ ವೇಗದಲ್ಲಿ ಕೈಗೆ ಬಂದು ಬಡಿಯುತ್ತದೆ, ಬಾಯಿ ಮೇಲೇಳುತ್ತದೆ. ಬಂದೂಕು ಹಿಂದಕ್ಕೆ ಹಾರಿದಾಗ ಸ್ಕೋಪು ಇದ್ದಲ್ಲೇ ಇರಲು ನೋಡುತ್ತದೆ. ಹಾಗಾಗಿ ಅದು ನಳಿಗೆಯ ಬಾಯಿಯ ಕಡೆ ಜಾರುತ್ತದೆ. ಈ ಜಗ್ಗಾಟದ ಭಾರವೆಲ್ಲ ಸ್ಕೋಪನ್ನು ಬಂದೂಕಿಗೆ ಹಿಡಿದಿಡುವ ಮೌಂಟಿನ ಸಣ್ಣ ಸಣ್ಣ ಸ್ಕ್ರೂಗಳ ಮೇಲೆ. ಸ್ಕೋಪಿನ ತೂಕ ಇಮ್ಮಡಿಯಾದರೆ ಸ್ಕ್ರೂಗಳ ಮೇಲಿನ ಎಳೆತವೂ ಇಮ್ಮಡಿ. ಅದಕ್ಕೇ ಬಲ್ಲವರು ಅಂಥ ರಿವಾಲ್ವರಿಗೆ ಝೂಮ್ ಇಲ್ಲದ, 170 ಗ್ರಾಂ ಆಸುಪಾಸಿನ 2×20 (ಎರಡು ಪಟ್ಟು ಹಿಗ್ಗಿಸುವ, 20 ಮಿ.ಮೀ. ಮುಂಗಾಜಿನ) ಸ್ಕೋಪು ಹಾಕುತ್ತಾರೆ, ಎರಡರ ಬದಲು ಮೂರು ರಿಂಗು ಕೊಡುತ್ತಾರೆ. ಇಲ್ಲವೇ ಇನ್ನೂ ಹಗುರಾದ, ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ರೆಡ್ ಡಾಟ್ ಕೂಡಿಸುತ್ತಾರೆ. ರೆಡ್ ಡಾಟ್ ಅಲ್ಲಿ ಕೈಕೊಡುವುದು ಹೆಚ್ಚಾಗಿ ಗಾಜಿನಿಂದಲ್ಲ, ಬ್ಯಾಟರಿಯಿಂದ: ಒದೆತಕ್ಕೆ ಬ್ಯಾಟರಿ ತನ್ನ ಪತ್ತಿಯಿಂದ ಒಂದು ಕ್ಷಣ ಬಿಟ್ಟರೂ ಚುಕ್ಕೆ ಮಿಣುಕುತ್ತದೆ, ಆರಿಯೂ ಹೋಗುತ್ತದೆ. ರೂಗರ್ ಸೂಪರ್ ರೆಡ್‌ಹಾಕ್‌ನಲ್ಲಂತೂ ರಿಂಗು ಕೂರುವ ಗುಳಿಯನ್ನು ಫ್ರೇಮಿನಲ್ಲೇ ಕೊರೆದಿರುತ್ತಾರೆ, ಒದೆತವನ್ನು ಸ್ಕ್ರೂ ಹೊರದೆ ಉಕ್ಕೇ ಹೊರಲಿ ಎಂದು.

ಇಷ್ಟೆಲ್ಲ ಒಂದೇ ದಿಕ್ಕಿನ ಒದೆತಕ್ಕೆ. ನಿಮ್ಮ ಸ್ಪ್ರಿಂಗ್ ಏರ್‌ಗನ್ ಎರಡು ಸಲ ಒದೆಯುತ್ತದೆ.

ಕುದುರೆ ಎಳೆದ ಕೂಡಲೇ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಬಂದೂಕು ಹಿಂದಕ್ಕೆ ಬರುತ್ತದೆ. ಇದು ಮೆತ್ತಗಿನ ಒದೆತ. ಮರುಗಳಿಗೆಗೆ ಪಿಸ್ಟನ್ ಕೊಳವೆಯ ತುದಿಗೆ ಬಂದು ಗಕ್ಕನೆ ನಿಲ್ಲುತ್ತದೆ, ಆಗ ಇಡೀ ಬಂದೂಕು ಮುಂದಕ್ಕೆ ಜರ್ಕು ಹೊಡೆಯುತ್ತದೆ. ಸ್ಕೋಪು ಕೆಡಿಸುವುದು ಈ ಎರಡನೇ ಏಟು. ಚಿಗರಿ ಬಸ್ಸಿನಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ನಿಂತವನು ಬಸ್ಸು ಹೊರಟಾಗ ಬೀಳುವುದಿಲ್ಲ, ಬ್ರೇಕ್ ಹಾಕಿದಾಗ ಮುಗ್ಗರಿಸುತ್ತಾನೆ. ಗುಂಡಿನ ಬಂದೂಕಿಗೆಂದು ಮಾಡಿದ ಎಷ್ಟೋ ಸ್ಕೋಪುಗಳಲ್ಲಿ ಗಾಜುಗಳಿಗೆ ಆಧಾರ ಒಂದೇ ಬದಿಗೆ ಗಟ್ಟಿ. ಗ್ಯಾಸ್ ಪಿಸ್ಟನ್ ಇದ್ದರೆ ಏಟು ಇನ್ನೂ ಚುರುಕು. ಒಳ್ಳೆಯ ಕಂಪನಿಯ ಕೆಲವು ರೈಫಲ್ ಸ್ಕೋಪುಗಳು ಎರಡನ್ನೂ ತಡೆಯುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ರಿವಾಲ್ವರಿನ ವಿಡಿಯೋ ಅದಕ್ಕೆ ಸಾಕ್ಷಿಯಲ್ಲ. ಮೇಲಾಗಿ ರಿವಾಲ್ವರಿನ ಸ್ಕೋಪು ಕೈ ನೀಡಿ ಹಿಡಿದು ನೋಡಲು ಮಾಡಿದ್ದು, ಕಣ್ಣು 30–60 ಸೆಂ.ಮೀ. ದೂರ ಇರಬೇಕು. ಏರ್‌ಗನ್ನಿಗೆ ಗಲ್ಲ ಹಚ್ಚಿದರೆ ನಿಮ್ಮ ಕಣ್ಣು ಇರುವುದು 8–10 ಸೆಂ.ಮೀ.ಗೆ. ಗಟ್ಟಿಮುಟ್ಟಾದ ಕತ್ತಲೆ ಕಾಣುತ್ತದೆ.

ಏನು ಕೊಳ್ಳಬೇಕು ಅನ್ನುವುದು ನಾಲ್ಕು ಸಾಲಿನ ಮಾತು. ಡಬ್ಬಿಯ ಮೇಲೆ ಸ್ಪ್ರಿಂಗ್ ಏರ್‌ಗನ್ನಿಗೆ ನಡೆಯುತ್ತದೆ ಎಂದು ಸ್ಪಷ್ಟವಾಗಿ ಬರೆದಿರಬೇಕು. 4×32 ಸಾಕು, ಹಟವಿದ್ದರೆ 3-9×40. ಅದಕ್ಕೂ ದೊಡ್ಡದು ಬರೀ ಭಾರ. ಒಳಗೆ ಗುರಿ ತೋರಿಸುವ ಗೀಟು ತಂತಿಯದಾಗಿರದೆ ಗಾಜಿನ ಮೇಲೆ ಕೊರೆದದ್ದಾಗಿರಲಿ, ತಂತಿ ಹರಿಯುತ್ತದೆ. ಮುಂದಿನ ಗಾಜಿನ ಸುತ್ತ ಅಥವಾ ಪಕ್ಕದಲ್ಲಿ 10 ಮೀಟರಿನಷ್ಟು ಹತ್ತಿರಕ್ಕೂ ಫೋಕಸ್ ಹೊಂದಿಸುವ ಬಳೆ ಇರಲಿ. ರೈಫಲ್ ಸ್ಕೋಪನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ನಿಮ್ಮ ಹಿತ್ತಲಿನ 10 ಮೀಟರಿನಲ್ಲಿ ಚಿತ್ರ ಮಸುಕು, ಕಣ್ಣು ಕೊಂಚ ಸರಿದರೂ ಗೀಟು ಗುರಿಯ ಮೇಲೆ ತೇಲುತ್ತದೆ. ಸಿಲಿಂಡರ್ ಗಾಳಿಯ ಪಿಸಿಪಿ ಇದ್ದವರಿಗೆ ಒದೆತದ ಚಿಂತೆಯೇ ಇಲ್ಲ, ಈ ಬರಹವೂ ಬೇಕಿಲ್ಲ. ಮಗ 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ಹೊರಟಿದ್ದಾನೆ, ಸ್ಕೋಪು ಹೇಳಿ ಅನ್ನುವ ಅಪ್ಪಂದಿರೇ, ಆ ಸ್ಪರ್ಧೆಯಲ್ಲಿ ಸ್ಕೋಪಿಗೆ ಅವಕಾಶವೇ ಇಲ್ಲ. ಮಾಗಡಿ ಕೆರೆಯ ಹೆಬ್ಬಾತು, ಬಂಕಾಪುರದ ನವಿಲು ಅಂತ ಬಾಯಿ ಬಿಟ್ಟವರಿಗೆ ನನ್ನ ಹತ್ತಿರ ಇರುವುದು 1972ರ ವನ್ಯಜೀವಿ ಕಾಯ್ದೆಯ ಹೆಸರು ಮಾತ್ರ.

ನೀವು ಕೇಳಬೇಕಾದದ್ದು ಬೇರೆ: ಮೌಂಟ್ ಯಾವುದು, ಅದನ್ನು ಕೂಡಿಸುವುದು ಹೇಗೆ? ಇದನ್ನು ಯಾರೂ ಕೇಳುವುದಿಲ್ಲ. ಎಂಟು ಸಾವಿರದ ಸ್ಕೋಪಿಗೆ ಇನ್ನೂರು ರೂಪಾಯಿಯ ರಿಂಗು ಹಾಕಿ, ಸ್ಕೋಪು ಕೆಟ್ಟಿತು ಅನ್ನುತ್ತೀರಿ.

ಮುಂದಿನ ಜರ್ಕಿಗೆ ಸ್ಕೋಪು ನಿಮ್ಮ ಕಣ್ಣಿನ ಕಡೆ ತೆವಳುತ್ತದೆ. ಏರ್‌ಗನ್ನಿನ ತಲೆಯ ಮೇಲಿನ 11 ಮಿ.ಮೀ. ಗಾಡಿ, ಅಂದರೆ ಮೌಂಟಿನ ದವಡೆ ಕಚ್ಚುವ ಉದ್ದ ತೋಡು, ನುಣುಪು, ಗುಂಡಿನ ರೈಫಲಿನ ಪಿಕಟಿನಿ ರೈಲಿನಂತೆ ಅದಕ್ಕೆ ಅಡ್ಡ ಕಚ್ಚುಗಳಿಲ್ಲ. ಬರೀ ಬಿಗಿತದಿಂದ ತೆವಳು ನಿಲ್ಲುವುದಿಲ್ಲ. ಗಾಡಿಯ ಹಿಂಬದಿಗೆ ಒಂದು ಸಣ್ಣ ತೂತು ಇರುತ್ತದೆ ನೋಡಿ. ಒಂದೇ ತುಂಡಿನ ಮೌಂಟ್ ತಂದು, ಅದರ ಹೊಟ್ಟೆಯಲ್ಲಿರುವ ಸ್ಟಾಪ್ ಪಿನ್ನನ್ನು ಆ ತೂತಿಗೆ ಇಳಿಸಿ. ಪಿನ್ ಜಾಸ್ತಿ ಇಳಿದರೆ ತಳಕ್ಕೆ ತಾಗಿ ಮೌಂಟನ್ನೇ ಎತ್ತಿ ಹಿಡಿಯುತ್ತದೆ, ದವಡೆ ಸರಿಯಾಗಿ ಕಚ್ಚುವುದಿಲ್ಲ. ತಾಗಿದ ಮೇಲೆ ಅರ್ಧ ಸುತ್ತು ವಾಪಸ್ ತೆಗೆಯಿರಿ. ತೂತೇ ಇಲ್ಲದಿದ್ದರೆ ಹಿಂದಿನ ರಿಂಗಿಗೆ ಒತ್ತಿ ಕೂರುವ ಸ್ಟಾಪ್ ತುಂಡನ್ನು ಗೋಕುಲ ರೋಡಿನ ಯಾವ ಲೇಥ್ ಅಂಗಡಿಯಲ್ಲಾದರೂ ಮಾಡಿಕೊಟ್ಟಾರು. ಬಂದೂಕಿಗೇ ಡ್ರಿಲ್ ಹಾಕಿಸಬೇಡಿ, ಅದರ ಕೆಳಗೇ ಪಿಸ್ಟನ್ ಓಡುತ್ತದೆ.

ಗಾಡಿ, ದವಡೆ, ರಿಂಗಿನ ಒಳಮೈ, ಸ್ಕೋಪಿನ ಕೊಳವೆ, ಎಲ್ಲದರ ಎಣ್ಣೆ ಪಸೆಯನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ. ಆಮೇಲೆ ಮೌಂಟನ್ನು ಹಿಂದಕ್ಕೆ, ಪಿನ್ನು ತೂತಿನ ಗೋಡೆಗೆ ಒರಗುವಷ್ಟು ಎಳೆದು ಬಿಗಿಯಿರಿ. ರಿವಾಲ್ವರಿನ ಮೇಲೆ ಇದು ತಿರುವುಮುರುವು, ಅಲ್ಲಿ ಮುಂದಕ್ಕೆ ತಳ್ಳಿ ಬಿಗಿಯಬೇಕು. ಆ ವಿಡಿಯೋ ನೋಡಿ ಏರ್‌ಗನ್ನಿಗೂ ಮುಂದಕ್ಕೆ ತಳ್ಳಿದರೆ, ಪಿನ್ನು ಮತ್ತು ಗೋಡೆಯ ನಡುವೆ ಬಿಟ್ಟ ಸಂದಿಯಷ್ಟು ದೂರ ಸ್ಕೋಪು ಜಾರುವುದು ಖಾತ್ರಿ. ಬುಡದ ಸ್ಕ್ರೂಗಳಿಗೆ ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು, ನೀಲಿ ಲಾಕ್‌ಟೈಟ್, ಒಂದೊಂದು ಹನಿ ಹಾಕಬಹುದು. ರಿಂಗಿನ ಸ್ಕ್ರೂಗಳನ್ನು ಒಂದಾದ ಮೇಲೆ ಅದರ ಓರೆ ಎದುರಿನದು ಎಂಬಂತೆ, ಎರಡೂ ಬದಿಯ ಸಂದಿ ಒಂದೇ ಸಮ ಇರುವಂತೆ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. 15 ಇಂಚ್-ಪೌಂಡ್, ಅಂದರೆ 1.7 ನ್ಯೂಟನ್ ಮೀಟರ್ ಸಾಕು. ಅಲನ್ ಕೀಗೆ ಪೈಪ್ ಹಾಕಿ ತಿರುಗಿಸುವವರ ಸ್ಕೋಪಿನ ಕೊಳವೆಯಲ್ಲಿ ಗುಳಿ ಬಿದ್ದಿರುತ್ತದೆ, ಝೂಮ್ ಬಳೆ ಬಿಗಿದಿರುತ್ತದೆ.

ಇನ್ನೊಂದು ರಗಳೆ: ಮಡಚುವ ನಳಿಗೆಯ ಬಂದೂಕುಗಳಲ್ಲಿ ನಳಿಗೆ ಕೂದಲೆಳೆಯಷ್ಟು ಕೆಳಗೆ ಬಾಗಿರುತ್ತದೆ, ಏಟು ಕೆಳಗೆ ಬೀಳುತ್ತದೆ. ನೀವು ಮೇಲಿನ ಗುಬುಟನ್ನು ತಿರುಗಿಸುತ್ತಲೇ ಹೋಗುತ್ತೀರಿ. ಸ್ಕೋಪಿನೊಳಗೆ ಒಂದು ಚಿಕ್ಕ ಕೊಳವೆ ಇದೆ. ಅದನ್ನು ಎರಡು ಗುಬುಟುಗಳು ಒಂದು ಕಡೆಯಿಂದ ಒತ್ತಿದರೆ, ಎದುರಿನಿಂದ ಪಟ್ಟಿ ಸ್ಪ್ರಿಂಗ್ ತಳ್ಳಿ ಹಿಡಿದಿರುತ್ತದೆ. ಗುಬುಟು ಕೊನೆತನಕ ಮೇಲೆ ಹೋದರೆ ಆ ಸ್ಪ್ರಿಂಗ್ ಸಡಿಲ. ಪ್ರತಿ ಏಟಿಗೂ ಕೊಳವೆ ಕುಣಿದು ಬೇರೆ ಬೇರೆ ಜಾಗಕ್ಕೆ ಕೂರುತ್ತದೆ. ಸ್ಕೋಪು ಕೆಟ್ಟಿಲ್ಲ, ಆದರೂ ಏಟು ಊರೆಲ್ಲ ತಿರುಗುತ್ತದೆ. ಗುಬುಟನ್ನು ನಡುಮಧ್ಯಕ್ಕೆ ತಂದು ಹಿಂದಿನ ರಿಂಗಿನ ಕೆಳ ಅರ್ಧದೊಳಗೆ, ಸ್ಕೋಪಿನ ಅಡಿಗೆ, ತೆಳು ಪಟ್ಟಿ ಇಡಿ. ಲೆಕ್ಕ ಸುಲಭ: ರಿಂಗುಗಳ ಅಂತರ 10 ಸೆಂ.ಮೀ. ಇದ್ದರೆ 0.1 ಮಿ.ಮೀ. ಪಟ್ಟಿ 10 ಮೀಟರಿನಲ್ಲಿ ಏಟನ್ನು 1 ಸೆಂ.ಮೀ. ಮೇಲೆತ್ತುತ್ತದೆ. ತಂಪುಪಾನೀಯದ ಡಬ್ಬಿಯ ತಗಡು ಹೆಚ್ಚುಕಡಿಮೆ ಅಷ್ಟೇ ದಪ್ಪ. ಎರಡು ಪದರಕ್ಕಿಂತ ಹೆಚ್ಚು ಬೇಕಾದರೆ ಸ್ಕೋಪಿನ ಹೊರಗಿನ ಕೊಳವೆ ಬಾಗುತ್ತದೆ, ಇಳಿಜಾರಿರುವ ಮೌಂಟನ್ನೇ ತನ್ನಿ.

"ಹತ್ತ ಕ್ಲಿಕ್ ತಿರುವಿದ್ರೂ ಏನೂ ಫರಕ ಆಗಂಗಿಲ್ಲ" ಅನ್ನುವವರಿಗೆ: ಎಂಓಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಕಾಲು ಎಂಓಎ ಕ್ಲಿಕ್ಕು 100 ಮೀಟರಿನಲ್ಲಿ 7 ಮಿ.ಮೀ. ಸರಿಸುತ್ತದೆ. 10 ಮೀಟರಿನಲ್ಲಿ 0.7. ಒಂದು ಸೆಂಟಿಮೀಟರಿಗೆ 14 ಕ್ಲಿಕ್ ಬೇಕು.

ಇಷ್ಟಾದ ಮೇಲೂ ಏಟು ಚದುರಿದರೆ ಮೊದಲು ಮರದ ಹಿಡಿಯ ಸ್ಕ್ರೂಗಳನ್ನು ನೋಡಿ, ಅದಿರಿ ಅದಿರಿ ಮೊದಲು ಸಡಿಲಾಗುವುದು ಅವೇ. ನಳಿಗೆ ಅರ್ಧ ಮಡಚಿ ಅಕ್ಕಪಕ್ಕ ಅಲ್ಲಾಡಿಸಿ. ಆಟ ಇದ್ದರೆ ತಿರುಗಣಿಯ ಬೋಲ್ಟು ಬಿಗಿ ಮಾಡಿಸಿ. ಹಿಂದಿನ ರಿಂಗಿನ ಅಂಚಿಗೆ, ಗಾಡಿಯ ಮೇಲೂ ಕೊಳವೆಯ ಮೇಲೂ, ಪೆನ್ಸಿಲ್ ಗೆರೆ ಎಳೆದು ಇಪ್ಪತ್ತು ಏಟು ಹೊಡೆಯಿರಿ. ಗೆರೆ ಸರಿದರೆ ಮೌಂಟ್. ಸರಿಯದಿದ್ದರೆ ಸ್ಕೋಪು ತೆಗೆದು ಬಂದೂಕಿನದೇ ಮುಳ್ಳಿನಿಂದ ಗುರಿಯಿಟ್ಟು ಹೊಡೆಯಿರಿ. ಏಟು ಒಂದೆಡೆ ಗುಂಪಾದರೆ ಮಾತ್ರ ದೋಷ ಸ್ಕೋಪಿನದು. ಆಗ ಅದನ್ನು ಕಿವಿ ಹತ್ತಿರ ಅಲ್ಲಾಡಿಸಿ: ಗಲಗಲ ಸದ್ದು ಬಂದರೆ, ಅಥವಾ ಗೀಟು ಓರೆಯಾಗಿ ನಿಂತಿದ್ದರೆ ಒಳಗಿನ ಬಳೆ ಬಿಚ್ಚಿದೆ. ಬಿಚ್ಚಲು ಹೋಗಬೇಡಿ, ಒಳಗೆ ತುಂಬಿದ ನೈಟ್ರೋಜನ್ ಹೋಗಿ ಮಳೆಗಾಲಕ್ಕೆ ಗಾಜು ಬೆವರುತ್ತದೆ. ಅಂಗಡಿಗೆ ಒಯ್ಯುವ ಮುನ್ನ ವಾರಂಟಿ ಕಾಗದದ ಸಣ್ಣ ಅಕ್ಷರ ಓದಿ. ಸ್ಪ್ರಿಂಗ್ ಏರ್‌ಗನ್ನಿಗೆ ಕೂಡಿಸಿದರೆ ವಾರಂಟಿ ಇಲ್ಲ ಎಂಬ ಸಾಲು ಕೆಲವದರಲ್ಲಿ ಇರುತ್ತದೆ.