ಹದಿನೈದು ವರ್ಷ ಇಟ್ಟುಕೊಳ್ಳುವ ಗಾಡಿ: 14ನೇ ತಿಂಗಳ ಟಿಪ್ಪಣಿ

ಸಿಕ್ಕಿತು! ನಿಂತಲ್ಲೇ ನಮ್ಮ ಕಾರಿನ ಬ್ಯಾಟರಿ ಮತ್ತೆ ಮತ್ತೆ ಖಾಲಿಯಾಗುವ, ಏಳು ತಿಂಗಳಿಂದ ತಲೆ ತಿಂದ ಸಮಸ್ಯೆಗೆ ಕಾರಣ ಸಿಕ್ಕಿತು. ರಜೆ ಮುಗಿಯಲು ನಾಲ್ಕೇ ದಿನ ಇರುವಾಗ, ಕಲಬುರಗಿ ಮನೆಯ ಪೋರ್ಚ್‌ನಲ್ಲಿ, ರಾತ್ರಿ ಒಂಬತ್ತೂವರೆಗೆ. ಈಗ ಮಸ್ಕತ್‌ನಲ್ಲಿ ಕೂತು ಬರೆಯುತ್ತಿದ್ದೇನೆ. ಖುಷಿ ಇನ್ನೂ ಇಳಿದಿಲ್ಲ.

ಹಿಂದಿನ ಟಿಪ್ಪಣಿ ಓದಿದವರಿಗೆ ಗಾಡಿ ಗೊತ್ತು. ಉಳಿದವರಿಗೆ: ಪೆಟ್ರೋಲ್ ಕಾರು, ಆಟೋಮ್ಯಾಟಿಕ್, ಕೆಎ-32, ಬಟನ್ ಒತ್ತಿ ಚಾಲೂ ಮಾಡುವುದು. ನಾನು ವರ್ಷಕ್ಕೆ ಎರಡು ಸಲ ಊರಿಗೆ ಬರುತ್ತೇನೆ. ಉಳಿದ ದಿನ ಅದು ಅವ್ವ, ಅಪ್ಪನಿಗಾಗಿ ನಿಂತಿರುತ್ತದೆ. ತಮ್ಮ ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಯಲ್ಲಿದ್ದಾನೆ. ಹದಿನೈದು ದಿನಕ್ಕೊಮ್ಮೆ ಬಂದು ಗಾಡಿ ತೆಗೆಯುತ್ತಾನೆ. ಕನಿಷ್ಠ ಹದಿನೈದು ವರ್ಷ ಇಟ್ಟುಕೊಳ್ಳಬೇಕು ಅಂತಲೇ ತೆಗೆದುಕೊಂಡ ಗಾಡಿ ಇದು.

ನಿಲ್ಲಿಸಿಡುವ ಗಾಡಿಯ ಮಾಮೂಲು ಕೆಲಸ ಎಲ್ಲ ನಡೆದಿದೆ. ಟೈರ್‌ಗೆ 38 ಪಿಎಸ್ಐ ಗಾಳಿ. ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಶಹಾಬಾದ್ ಕಲ್ಲಿನ ತುಂಡು ಒತ್ತು. ಓಡಲಿ ಬಿಡಲಿ, ವರ್ಷಕ್ಕೊಮ್ಮೆ ಆಯಿಲ್. ಎಸಿ ಗಾಳಿ ಎಳೆಯುವ ಬಾಯಿಗೆ ಇಲಿ ಜಾಲರಿ. ಕವರ್ ಮಾತ್ರ ಹಾಕುತ್ತಿಲ್ಲ. ನಮ್ಮ ಕಡೆ ಎರೆಮಣ್ಣಿನ ಧೂಳು ಎಷ್ಟು ಸಣ್ಣ ಅಂದರೆ ಕವರ್ ಒಳಗೂ ಸೇರುತ್ತದೆ. ಗಾಳಿಗೆ ಬಟ್ಟೆ ಅಲ್ಲಾಡಿದ ಹಾಗೆ ಪೇಂಟ್ ಮೇಲೆ ಗೀರು ಬೀಳುತ್ತದೆ. ಪೋರ್ಚ್ ನೆರಳಿದ್ದರೆ ಕವರ್ ಬೇಡ ಅನ್ನುವುದು ನನ್ನ ಪಕ್ಕಾ ಅಭಿಪ್ರಾಯ.

ಈಗ ಬ್ಯಾಟರಿಗೆ ಬರೋಣ.

ಮೊದಲ ಫೋನ್ ಬಂದದ್ದು ಬೇಸಿಗೆಯಲ್ಲಿ. "ಅಣ್ಣಾ, ಗಾಡಿ ಟಿಕ್ ಟಿಕ್ ಅಂತದ, ಚಾಲೂ ಆಗವಲ್ದು." ಪಕ್ಕದ ಮನೆಯವರ ಜೀಪಿನಿಂದ ಕರೆಂಟ್ ಕೊಟ್ಟು ಎಬ್ಬಿಸಿದರು. ಹೊಸ ಗಾಡಿ, ಹೊಸ 45 ಆಂಪ್-ಅವರ್ ಬ್ಯಾಟರಿ. ಹೊರಗೆ 43 ಡಿಗ್ರಿ ಇದೆ, ಬಿಸಿಲಿಗೆ ಬ್ಯಾಟರಿ ತಾನಾಗೇ ಬೇಗ ಇಳಿಯುತ್ತದೆ, ಅದೇ ಇರಬೇಕು ಅಂದುಕೊಂಡೆ. ಎರಡು ವಾರ ಬಿಟ್ಟು ಮತ್ತೆ ಅದೇ ಫೋನ್. ಮಳೆಗಾಲ ಬಂತು, ಬಿಸಿಲು ಇಳಿಯಿತು. ಬ್ಯಾಟರಿ ಸಾಯುವುದು ಮಾತ್ರ ನಿಲ್ಲಲಿಲ್ಲ.

ಒಂದು ರಾತ್ರಿ ಎರಡು ಗಂಟೆಗೆ ಅಪ್ಪನಿಗೆ ಬಿಪಿ ಏರಿತು. ಗಾಡಿ ಎದ್ದೇಳಲಿಲ್ಲ. ಓಣಿಯ ಹುಡುಗನೊಬ್ಬ ಆಟೋ ತಂದ, ಆಸ್ಪತ್ರೆ ಮುಟ್ಟಿದರು, ಅಪ್ಪ ಆರಾಮಾದರು. ಆದರೆ ಅವತ್ತಿನಿಂದ ಇದು ನನಗೆ ಹವ್ಯಾಸದ ಮಾತಾಗಿ ಉಳಿಯಲಿಲ್ಲ. ಆ ಗಾಡಿ ಅಲ್ಲಿ ನಿಂತಿರುವುದೇ ಅಂಥ ರಾತ್ರಿಗಾಗಿ.

"ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಟ್ಟು ಬಾ" ಅಂತ ಎಲ್ಲರೂ ಹೇಳುತ್ತಾರೆ. ಸರಿಯಾದ ಮಾತೇ. ಆದರೆ ರಾತ್ರಿ ಎರಡಕ್ಕೆ ಅವ್ವ ಟಾರ್ಚ್ ಹಿಡಿದು 10 ನಂಬರ್ ಪಾನಾ ಹುಡುಕಬೇಕಾ? ಅದು ಆಗದ ಮಾತು.

ಚಾರ್ಜರ್ ಹಚ್ಚಿಡೋಣ ಅಂತ ಆನ್‌ಲೈನ್‌ನಲ್ಲಿ ಸ್ಮಾರ್ಟ್ ಚಾರ್ಜರ್ ತರಿಸಿದೆ. ಚೆನ್ನಾಗಿಯೇ ಕೆಲಸ ಮಾಡಿತು, ಕರೆಂಟ್ ಹೋಗುವ ತನಕ. ಕರೆಂಟ್ ಹೋಗಿ ಬಂದರೆ ಅದು ತಾನಾಗಿ ಶುರುವಾಗಲ್ಲ, ಯಾರಾದರೂ ಮೋಡ್ ಬಟನ್ ಒತ್ತಬೇಕು. ಪೆಟ್ಟಿಗೆ ಮೇಲೆ ಈ ಮಾತು ಎಲ್ಲೂ ಇಲ್ಲ. ಕೊಳ್ಳುವ ಮುಂಚೆ ಕೇಳಿದಾಗ ಮಾರುವವರು "ಫುಲ್ಲಿ ಆಟೋಮ್ಯಾಟಿಕ್ ಸರ್" ಅಂದಿದ್ದರು. ಬೇರೆ ಗಾಡಿಯಿಂದ ಕರೆಂಟ್ ಕೊಡುವ ಜಂಪರ್ ಕೇಬಲ್ ಕಥೆಯೂ ಅಷ್ಟೇ. ಪ್ಯಾಕೆಟ್ ಮೇಲೆ 500 ಆಂಪ್ ಅಂತ ದಪ್ಪ ಅಕ್ಷರ. ಕತ್ತರಿಸಿ ನೋಡಿದರೆ ದಪ್ಪ ಪ್ಲಾಸ್ಟಿಕ್, ಒಳಗೆ ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ ಎಳೆಗಳು. ದಯವಿಟ್ಟು ಕೇಬಲ್ ಕೊಳ್ಳುವಾಗ ಒಳಗಿನ ಲೋಹ ಯಾವುದು ಅಂತ ಕೇಳಿ. ಬ್ಯಾಟರಿ ಅಂಗಡಿಯವರು ಎರಡು ಸಲ ಚಾರ್ಜ್ ಮಾಡಿ, "ಬ್ಯಾಟರಿ ಓಕೆ, ನೀವ್ ಗಾಡಿ ಓಡ್ಸಂಗಿಲ್ರಿ ಅದಕ್ಕ" ಅಂತ ವಾಪಸ್ ಕೊಟ್ಟರು.

ಈ ಸಲದ ರಜೆ ಪೂರ್ತಿ ಇದಕ್ಕೇ ಅಂತ ಮನಸ್ಸು ಮಾಡಿಕೊಂಡು ಬಂದೆ.

ಮೊದಲ ಅನುಮಾನ ಡ್ಯಾಶ್‌ಕ್ಯಾಮ್, ಅಂದರೆ ರಸ್ತೆ ಚಿತ್ರೀಕರಿಸುವ ಕ್ಯಾಮೆರಾ ಮೇಲೆ. ಆಕ್ಸೆಸರಿ ಅಂಗಡಿಯಲ್ಲಿ ಹಾಕಿಸಿದ್ದು. ಫ್ಯೂಜ್ ಬಾಕ್ಸ್ ತೆಗೆದು ನೋಡಿದರೆ ಹಳದಿ, ಕೆಂಪು ಎರಡೂ ವೈರ್ ಒಂದೇ ಕಡೆ, ಯಾವಾಗಲೂ ಕರೆಂಟ್ ಇರುವ ಫ್ಯೂಜ್‌ಗೆ! ಈ ಕ್ಯಾಮೆರಾದ ಹಳದಿ ಇರಬೇಕಾದದ್ದು ಎಸಿಸಿಗೆ, ಅಂದರೆ ಗಾಡಿ ಆನ್ ಇದ್ದಾಗ ಮಾತ್ರ ಕರೆಂಟ್ ಬರುವ ಫ್ಯೂಜ್‌ಗೆ. ಗಾಡಿ ಆಫ್ ಆಗಿದೆ ಅನ್ನುವುದೇ ಕ್ಯಾಮೆರಾಕ್ಕೆ ತಿಳಿಯುತ್ತಿರಲಿಲ್ಲ. ಕಳ್ಳ ಸಿಕ್ಕ ಅಂದುಕೊಂಡೆ. ಕ್ಯಾಮೆರಾದ ಫ್ಯೂಜ್ ಕಿತ್ತು ಹದಿನೈದು ದಿನದ ಲೆಕ್ಕ ಹಾಕೋಣ ಅಂದರೆ, ತಮ್ಮ ನೆನಪು ಮಾಡಿದ: "ಅಣ್ಣಾ, ಅದರ ಫ್ಯೂಜ್ ನಾ ಹೋದ ತಿಂಗಳೇ ತಗದೀನಿ. ಆಮ್ಯಾಲೂ ಒಮ್ಮೆ ಬಿತ್ತಲ್ಲ." ಅಂದರೆ ಕ್ಯಾಮೆರಾ ಒಂದು ಕಾರಣ ಇರಬಹುದು, ಆದರೆ ಅದೊಂದೇ ಅಲ್ಲ.

ಸರಿ, ನಿಂತ ಗಾಡಿ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ನಿಯಮದ ಪ್ರಕಾರವೇ ಅಳೆಯೋಣ ಅಂತ ಮಲ್ಟಿಮೀಟರ್ ಹಿಡಿದೆ. ಬಾನೆಟ್ ಕೊಂಡಿಯನ್ನೂ ಬಾಗಿಲಿನ ಕೊಂಡಿಯನ್ನೂ ಸ್ಕ್ರೂಡ್ರೈವರ್‌ನಿಂದ ಒತ್ತಿ "ಮುಚ್ಚಿದೆ" ಅಂತ ಗಾಡಿಗೆ ನಂಬಿಸಿದೆ. ಮೀಟರ್ ನೆಗೆಟಿವ್ ಸಾಲಿನಲ್ಲಿ, 10 ಆಂಪ್ ಸಾಕೆಟ್‌ನಲ್ಲಿ. ಮೊದಲು ಕರೆಂಟ್ ಮೀಟರ್ ಬಿಟ್ಟು ಹರಿಯಲು ಒಂದು ಬೈಪಾಸ್ ವೈರ್, ಗಾಡಿ ಮಲಗಿದ ಮೇಲೆ, ಅಂದರೆ ಒಳಗಿನ ಎಲೆಕ್ಟ್ರಾನಿಕ್ಸ್ ಸುಮ್ಮನಾದ ಮೇಲೆ, ಅದನ್ನು ತೆಗೆಯುವುದು. ಚಾವಿ ದೂರ, ಮಾಳಿಗೆ ಮೇಲಿನ ಕೋಣೆಯಲ್ಲಿ. 40 ನಿಮಿಷ ಕಾಯುವುದು.

ಮೊದಲ ರಾತ್ರಿ ಅಳತೆ ಮುಗಿಯುವ ಮುಂಚೆ ತಮ್ಮ ಚಾವಿ ತಂದು ಒಳಗೆ ಕೂತು ಇಗ್ನಿಷನ್ ಆನ್ ಮಾಡಿ ಬ್ಲೋವರ್ ಜೋರಾಗಿ ತಿರುಗಿಸಿದ. ಮೀಟರ್ ಫ್ಯೂಜ್ ಠಪ್ ಅಂತು. ಮರುದಿನ ಊರಿನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಐದು ಅಂಗಡಿ ಸುತ್ತಿದೆ. ಎಲ್ಲ ಕಡೆ ರೇಡಿಯೋಕ್ಕೆ ಹಾಕುವ ಸಣ್ಣ ಗಾಜಿನ ಫ್ಯೂಜ್. ನನಗೆ ಬೇಕಿದ್ದದ್ದು ಸೆರಾಮಿಕ್. "ಇದೂ ನಡೀತದ ತಗೋರಿ ಸಾಹೇಬ್ರ" ಅಂದರು. ನಡೆಯಲ್ಲ. ಆ ಜಾಗಕ್ಕೆ ಗಾಜಿನದು ಹಾಕುವುದು ಅಪಾಯ. ಆನ್‌ಲೈನ್‌ನಲ್ಲಿ ತರಿಸಲು ನಾಲ್ಕು ದಿನ ಹೋಯಿತು.

ಆ ನಾಲ್ಕು ದಿನ ಸುಮ್ನೆ ಕೂರಲಿಲ್ಲ. ಫ್ಯೂಜ್ ಕೀಳದೆ ಅದರ ತಲೆಯ ಎರಡು ಚುಕ್ಕಿಗಳ ನಡುವೆ ಮಿಲಿವೋಲ್ಟ್ ಅಳೆಯುವ ವಿಧಾನ ನೋಡಿದೆ. ಮಿನಿ ಬ್ಲೇಡ್ 10 ಆಂಪ್ ಫ್ಯೂಜ್‌ನಲ್ಲಿ 0.1 ಮಿಲಿವೋಲ್ಟ್ ಕಂಡರೆ ಸುಮಾರು 13 ಮಿಲಿಆಂಪ್ ಹರಿಯುತ್ತಿದೆ ಅಂತ ಅರ್ಥ. ಫ್ಯೂಜ್ ಕಿತ್ತು ಹಾಕಿದರೆ ಮಲಗಿದ ಎಲೆಕ್ಟ್ರಾನಿಕ್ ಮಾಡ್ಯೂಲ್ ಎದ್ದುಬಿಡುತ್ತದೆ, ಇದರಲ್ಲಿ ಆ ತೊಂದರೆ ಇಲ್ಲ. ಎಲ್ಲ ಫ್ಯೂಜ್ ನೋಡಿದೆ. ಎಲ್ಲೂ ಏನೂ ಇಲ್ಲ.

ಹೊಸ ಫ್ಯೂಜ್ ಬಂತು. ಮೂರು ರಾತ್ರಿ ಅಳೆದೆ. ಮೂರೂ ರಾತ್ರಿ 24 ಮಿಲಿಆಂಪ್.

24 ಅಂದರೆ ಉತ್ತಮ. 50ರ ಒಳಗಿದ್ದರೆ ಸಾಕು ಅಂತಾರೆ. ದಿನಕ್ಕೆ 0.58 ಆಂಪ್-ಅವರ್. ಎರಡು ವಾರಕ್ಕೆ 8. ಈ ಲೆಕ್ಕದಲ್ಲಿ ಬ್ಯಾಟರಿ ಅರ್ಧಕ್ಕೆ ಇಳಿಯಲು 39 ದಿನ ಬೇಕು. ಹಾಗಾದರೆ ಹದಿನೈದು ದಿನಕ್ಕೆ ಯಾಕೆ ಸಾಯುತ್ತಿದೆ?

ಎರಡು ಸುಳಿವು ಮುಂದೆಯೇ ಇದ್ದವು. ಶ್ರಾವಣದಲ್ಲಿ ಅವ್ವ, ಅಪ್ಪ ಸೇಡಂಗೆ ತಮ್ಮನ ಮನೆಗೆ ಹೋಗಿ ಒಂದು ತಿಂಗಳು ಇದ್ದರು. ಮನೆಗೆ ಬೀಗ. ತಿರುಗಿ ಬಂದು ಬಟನ್ ಒತ್ತಿದರೆ ಗಾಡಿ ಒಂದೇ ಸಲಕ್ಕೆ ಚಾಲೂ! ಇನ್ನೊಂದು, ಚಾವಿಯೊಳಗಿನ ಸಿಆರ್2032 ಸೆಲ್ ಐದೇ ತಿಂಗಳಿಗೆ ಮುಗಿದಿತ್ತು. ಒಂದೆರಡು ವರ್ಷ ಬರಬೇಕಾದ ಸೆಲ್ ಅದು. ಸೆಲ್ ಡೂಪ್ಲಿಕೇಟ್ ಇರಬೇಕು ಅಂತ ಬಿಟ್ಟಿದ್ದೆವು.

ನಾಲ್ಕನೇ ರಾತ್ರಿ. ಮೀಟರ್ 24ರಲ್ಲಿ ಕೂತಿದೆ. ನಾನು ಪೋರ್ಚ್ ಕಲ್ಲಿನ ಮೇಲೆ ಅದನ್ನೇ ನೋಡುತ್ತ ಕೂತಿದ್ದೇನೆ. ಇದ್ದಕ್ಕಿದ್ದಂತೆ ಅಂಕಿ 210ಕ್ಕೆ ಹಾರಿತು. 70ಕ್ಕೆ ಬಂತು. ಮತ್ತೆ 160. ಮತ್ತೆ 60. ಕೆಳಗಿಳಿದು ಮಲಗುವ ಲಕ್ಷಣವೇ ಇಲ್ಲ. ನಾನು ಗಾಡಿ ಮುಟ್ಟಿಲ್ಲ. ತಮ್ಮ ಊರಲ್ಲಿಲ್ಲ.

ಒಳಗಿನಿಂದ ಅವ್ವ ಕೂಗಿದಳು: "ಯಪ್ಪಾ, ಗಾಡಿ ಚಾವಿ ಮಾಳಿಗಿ ಮ್ಯಾಲ ಒಗದು ಬಂದೀಯಲ್ಲ. ಮೊಳಿಗಿ ಹಾಕೀನಿ ನೋಡು."

ಮೊಳೆ! ಮುಂಬಾಗಿಲ ಪಕ್ಕದ ಗೋಡೆಯಲ್ಲಿ ಆ ಮೊಳೆ ಇದೆ. ಗೋಡೆಯ ಈ ಕಡೆ ನಮ್ಮ ಮನೆ, ಆ ಕಡೆ ಗಾಡಿಯ ಡ್ರೈವರ್ ಬಾಗಿಲು. ಟೇಪ್ ಹಿಡಿದೆ. 1.1 ಮೀಟರ್.

ಗಾಡಿ ಸಣ್ಣ ಅಲೆ ಬಿಟ್ಟು "ಚಾವಿ ಹತ್ತಿರ ಇದೆಯಾ" ಅಂತ ಕೇಳುತ್ತದೆ. ಚಾವಿ "ಇದ್ದೇನೆ" ಅನ್ನುತ್ತದೆ. 125 ಕಿಲೋಹರ್ಟ್ಸ್ ಆಸುಪಾಸಿನ ಈ ಅಲೆಗೆ ಇಟ್ಟಿಗೆ ಗೋಡೆ ಲೆಕ್ಕವೇ ಅಲ್ಲ. ಒಡೆಯ ಪಕ್ಕದಲ್ಲೇ ನಿಂತಿದ್ದಾನೆ ಅಂತ ತಿಳಿದು ಗಾಡಿ ಇಡೀ ರಾತ್ರಿ ಎಚ್ಚರ ಇರುತ್ತಿತ್ತು. ಉತ್ತರ ಕೊಟ್ಟು ಕೊಟ್ಟು ಚಾವಿಯ ಸೆಲ್ಲೂ ಮುಗಿಯುತ್ತಿತ್ತು. ಅಳೆಯುವಾಗ ಚಾವಿ ದೂರ ಇಡಬೇಕು ಅನ್ನುವುದು ಸರಿಯಾದ ನಿಯಮ. ಆ ನಿಯಮ ಪಾಲಿಸಿದಷ್ಟು ದಿನ ಕಾರಣ ಕಾಣಲು ಸಾಧ್ಯವೇ ಇರಲಿಲ್ಲ. ಸೇಡಂಗೆ ಹೋದಾಗ ಚಾವಿಯೂ ಅವರ ಜೊತೆ ಹೋಗಿತ್ತು ಅಲ್ವಾ? ಅದಕ್ಕೇ ಆ ತಿಂಗಳು ಬ್ಯಾಟರಿ ಉಳಿಯಿತು.

ಒಂದು ಗಂಟೆ ಅಂಕಿ ಬರೆದುಕೊಂಡು ಸರಾಸರಿ ತೆಗೆದೆ. ಸುಮಾರು 90 ಮಿಲಿಆಂಪ್. ದಿನಕ್ಕೆ 2.16, ಎರಡು ವಾರಕ್ಕೆ 30 ಆಂಪ್-ಅವರ್. 45ರಲ್ಲಿ 30 ಹೋದರೆ ಸ್ಟಾರ್ಟರ್ ಎಲ್ಲಿಂದ ತಿರುಗಬೇಕು? ಲೆಕ್ಕ ಕೂಡಿತು.

ಮುಂದಿನ ಎರಡು ದಿನ ಬರೀ ಪರೀಕ್ಷೆ. ಚಾವಿ 3 ಮೀಟರ್ ದೂರ ಹೋದರೆ ಗಾಡಿ ಮಲಗುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಳ ಹಾಕಿದರೆ ಬಾಗಿಲಿಗೇ ತಾಗಿಸಿ ಹಿಡಿದರೂ ಗಾಡಿ ತೆರೆಯಲ್ಲ. ಮುಚ್ಚಳ ಸ್ವಲ್ಪ ಸಡಿಲ ಇದ್ದರೆ ತೆರೆಯುತ್ತದೆ. ನಿಮ್ಮ ಡಬ್ಬಿಯನ್ನು ನೀವೇ ಹೀಗೆ ನೋಡಿಕೊಳ್ಳಿ. ಅವ್ವ ಶೇಂಗಾ ಹಿಂಡಿ ಹಾಕಿಡುತ್ತಿದ್ದ ಹಳೇ ಡಬ್ಬಿ ತೊಳೆದು ಕೊಟ್ಟಳು. ಅದನ್ನು ಎಲ್ಲಿಡಬೇಕು ಅಂತ ಅವಳೇ ತೀರ್ಮಾನ ಮಾಡಿದಳು. ದೇವರ ಜಗಲಿ ಪಕ್ಕ, ಮನೆಯ ಹಿಂದಿನ ಕೋಣೆಯಲ್ಲಿ. ರಾತ್ರಿ ಕತ್ತಲಲ್ಲೂ ಕೈಗೆ ಸಿಗುವ ಜಾಗ ಅದು. ಡ್ಯಾಶ್‌ಕ್ಯಾಮ್‌ನ ಹಳದಿ ವೈರ್ ಎಸಿಸಿಗೆ ಬದಲಾಯಿಸಿದೆ.

ಮುಂದಿನ ಕೆಲಸಕ್ಕೆ ಸಾಮಾನು ಆಗಲೇ ಬಂದಿದೆ. ವೈಫೈ ಇರುವ ಪುಟ್ಟ ಇಎಸ್‌ಪಿ32 ಬೋರ್ಡ್, ಬ್ಯಾಟರಿ ವೋಲ್ಟೇಜನ್ನು ಭಾಗ ಮಾಡಿ ಇಳಿಸಲು 100 ಮತ್ತು 22 ಕಿಲೋಓಮ್ ರೆಸಿಸ್ಟರ್. 12.6 ವೋಲ್ಟ್ 2.27ಕ್ಕೆ ಇಳಿಯುತ್ತದೆ, ಬೋರ್ಡ್‌ಗೆ ಸುರಕ್ಷಿತ. ಆರು ಗಂಟೆಗೊಮ್ಮೆ ಎದ್ದು, ಮನೆ ವೈಫೈ ಹಿಡಿದು, ವೋಲ್ಟೇಜ್ ನನ್ನ ಫೋನಿಗೆ ಕಳಿಸಿ ಮತ್ತೆ ಮಲಗಬೇಕು. ಬ್ಯಾಟರಿ ಖಾಲಿ ಮಾಡದ ಹಾಗೆ ಅಳೆಯುವುದೇ ಇಲ್ಲಿನ ಸವಾಲು, ಬೋರ್ಡ್‌ಗೆ ವೋಲ್ಟೇಜ್ ಇಳಿಸಿ ಕೊಡುವ ಅಗ್ಗದ ಬಕ್ ಕನ್ವರ್ಟರ್ ಸುಮ್ನೆ ಕೂತೇ ಎಷ್ಟು ಕುಡಿಯುತ್ತದೆ ಅಂತ ಮೊದಲು ನೋಡಬೇಕು. ಅದಾದ ಮೇಲೆ ಅಪ್ಪನ ಚೇತಕ್ ಸ್ಕೂಟರ್. ಹಿತ್ತಲಲ್ಲಿ ತಗಡಿನ ಕೆಳಗೆ ಹನ್ನೊಂದು ವರ್ಷದಿಂದ ನಿಂತಿದೆ. ಈ ಸಲ ಕಿಕ್ ಒದ್ದು ನೋಡಿದೆ, ಪಿಸ್ಟನ್ ಹಿಡಿದಿಲ್ಲ! ಅಪ್ಪ ಕುರ್ಚಿಯಿಂದ ಎದ್ದು ಬಂದು, "ವಾರಿ ಮಾಡಿ ಒದಿಯೋ, ಹಂಗ ಚಾಲೂ ಆಗಂಗಿಲ್ಲ ಅದು" ಅಂದರು. ಕಾರ್ಬುರೇಟರ್ ಬಿಚ್ಚಿ ಡಬ್ಬಿಗೆ ಹಾಕಿ ಬಂದಿದ್ದೇನೆ. ಅದರ ಕಥೆ ಇನ್ನೊಮ್ಮೆ.

ಹೊರಡುವ ದಿನ ಬ್ಯಾಟರಿ 12.68 ಇತ್ತು. ಐದಾರು ಸಲ ಪೂರ್ತಿ ಇಳಿದ ಬ್ಯಾಟರಿ, ಶಕ್ತಿ ಸ್ವಲ್ಪ ಕಳೆದುಕೊಂಡಿರುತ್ತದೆ. ಮುಂದಿನ ಸಲ ಬಂದಾಗ ಲೋಡ್ ಟೆಸ್ಟ್, ಅಂದರೆ ಹೊರೆ ಹಾಕಿ ಪರೀಕ್ಷೆ, ಮಾಡಿಸುತ್ತೇನೆ. ನಿನ್ನೆಗೆ ಹದಿನಾಲ್ಕು ದಿನ. ತಮ್ಮ ಬಂದು ಬಾನೆಟ್ ತೆಗೆದು ಮೀಟರ್ ಹಿಡಿದು ಫೋಟೋ ಕಳಿಸಿದ. 12.51. ಬಟನ್ ಒತ್ತಿದ ವಿಡಿಯೋನೂ ಕಳಿಸಿದ. ಒಂದೇ ಸಲಕ್ಕೆ ಎದ್ದಿತು. ಆಮೇಲೆ ಅವ್ವ, ಅಪ್ಪನನ್ನು ಕೂರಿಸಿಕೊಂಡು ಗಾಣಗಾಪುರಕ್ಕೆ ಹೋದರು. ವಿಡಿಯೋದ ಕೊನೆಯಲ್ಲಿ ಅವ್ವ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಗಾಡಿ ಹತ್ತುತ್ತಿದ್ದಳು.