ದೀಪ ತೋರಿಸಿ ಕರೆಯುವುದು

ಮಂಗಳವಾರ ರಾತ್ರಿ ಅಮ್ಮ ಆಡಿದ ಮಾತು ಇನ್ನೂ ಕಿವಿಯಲ್ಲೇ ಇದೆ. ಇವತ್ತು ಭಾನುವಾರ. ಬರೆದರೆ ಸ್ವಲ್ಪ ಹಗುರಾಗಬಹುದು ಅಂತ ಬರೆಯುತ್ತಿದ್ದೇನೆ.

ನಾನು ಯುಟಿಲಿಟಿಯಲ್ಲಿ ನಿಂತಿದ್ದೆ. ಲೈಟ್ ಆರಿಸಿದ್ದೆ. ತಲೆಕೆಳಗಾಗಿ ನೇತುಹಾಕಿದ್ದ ಎರಡು ಲೀಟರಿನ ಸೋಡಾ ಬಾಟಲಿಯ ಕತ್ತಿನ ಹತ್ತಿರ ಮೊಬೈಲ್ ಟಾರ್ಚ್ ಹಿಡಿದಿದ್ದೆ. ನೀರಿನ ತುಂಬಾ ಚದುರಿದ್ದ ಕಿತ್ತಳೆ ಬಣ್ಣದ ಚುಕ್ಕಿಗಳು, ಅಂದರೆ ಆರ್ಟೀಮಿಯಾ ಅನ್ನುವ ಉಪ್ಪುನೀರಿನ ಪುಟ್ಟ ಸೀಗಡಿಯ ಮರಿಗಳು, ಮೊದಲು ಒಂದೊಂದಾಗಿ, ಆಮೇಲೆ ಹಿಂಡು ಹಿಂಡಾಗಿ ಬೆಳಕಿನ ಕಡೆಗೆ ಇಳಿದು ಬರುತ್ತಿದ್ದವು. ಹತ್ತು ನಿಮಿಷದಲ್ಲಿ ಬಾಟಲಿಯ ಕತ್ತು ಕೇಸರಿ ಬಣ್ಣಕ್ಕೆ ತಿರುಗಿತು. ಅಮ್ಮ ಹಿಂದೆ ಬಂದು ನಿಂತಿದ್ದು ನನಗೆ ಗೊತ್ತೇ ಆಗಲಿಲ್ಲ. ಇವೆಲ್ಲ ಜೀವ ಇರೋವಾ ಅಂತ ಕೇಳಿದಳು. ಹೌದಮ್ಮ, ನಿನ್ನೆ ಪುಡಿ ಹಾಕಿದ್ನಲ್ಲ, ಅದೇ ಒಡೆದು ಬಂದಿರೋದು ಅಂದೆ. ಪೈಪಿನ ತುದಿ ಬಾಯಲ್ಲಿಟ್ಟು ಎಳೆದು, ಕೆಳಗೆ ಹಿಡಿದ ಕರ್ಚೀಫಿನ ಮೇಲೆ ನೀರು ಬಿಟ್ಟೆ. ನೀರು ಸೋಸಿ ಹೋಯಿತು, ಬಟ್ಟೆಯ ಮೇಲೆ ಕಿತ್ತಳೆ ಗಂಧದ ಹಾಗೆ ಒಂದು ಬೊಟ್ಟು ಉಳಿಯಿತು. ಅದನ್ನ ಮೀನಿನ ಮರಿಗಳ ತೊಟ್ಟಿಗೆ ಅದ್ದಿದೆ.

"ದೀಪ ತೋರಿಸಿ ಕರೆದು ಹಿಡೀತೀಯಲ್ಲೋ, ಪಾಪ."

ಅಷ್ಟೇ ಅಂದಿದ್ದು. ಬೈಗುಳ ಅಲ್ಲ. ಸ್ವರವೂ ಏರಲಿಲ್ಲ. ಹೇಳಿ, ನಾಳೆ ದೋಸೆಗೆ ಅಕ್ಕಿ ನೆನೆಹಾಕೋಕೆ ಒಳಗೆ ಹೋದಳು.

ಅಮ್ಮ ತೀರ್ಥಹಳ್ಳಿ ಕಡೆಯವಳು, ಮೀನು ತಿನ್ನುವ ಮನೆ. ಬೂದಿ ಹಾಕಿ ಮೀನು ತಿಕ್ಕಿ ತೊಳೆಯೋದನ್ನ ನಾನು ಅವಳಿಂದಲೇ ಕಲಿತಿದ್ದು. ಜೀವಹಿಂಸೆ ಅಂತ ಮೂಗು ಮುರಿಯುವವರ ಬಾಯಿಂದ ಈ ಮಾತು ಬಂದಿದ್ದರೆ ನಾನು ಬೇರೆ ಏನಾದರೂ ಹೇಳಿ ಮುಗಿಸುತ್ತಿದ್ದೆ. ಇವಳು ಹಾಗಲ್ಲ. ಅದಕ್ಕೇ ಮಾತು ಒಳಗೆ ಇಳಿಯಿತು.

ಇಷ್ಟಕ್ಕೂ ನಾನು ಈ ಆರ್ಟೀಮಿಯಾ ಸಹವಾಸಕ್ಕೆ ಬಿದ್ದಿದ್ದು ಮೀನಿನ ಮರಿಗಳು ಸತ್ತ ಮೇಲೆ. ಮಾರ್ಚ್‌ನಲ್ಲಿ ನಮ್ಮ ಫೈಟರ್ ಮೀನಿನ ಜೋಡಿ ಮೊದಲ ಸಲ ಮೊಟ್ಟೆ ಇಟ್ಟಿತ್ತು. ಗಂಡು ನೀರಿನ ಮೇಲೆ ನೊರೆಯ ಗೂಡು ಕಟ್ಟಿ, ಕೆಳಗೆ ಬಿದ್ದ ಒಂದೊಂದು ಮೊಟ್ಟೆಯನ್ನೂ ಬಾಯಲ್ಲಿ ತಂದು ಗೂಡಿಗೆ ಸೇರಿಸುವುದನ್ನ ಮಗಳು ಸ್ಕೂಲಿಗೆ ಹೋಗೋದು ಮರೆತು ನೋಡಿದಳು. ಮರಿಗಳು ಬಂದವು, ಮೂರು ದಿನಕ್ಕೆ ಈಜೋಕೆ ಶುರು ಮಾಡಿದವು. ಅಷ್ಟರ ಮೇಲೆ ಅವಕ್ಕೆ ಏನು ಕೊಡಬೇಕು ಅಂತ ನಾನು ತಿಳಿದುಕೊಂಡಿರಲಿಲ್ಲ. ಬೇಯಿಸಿದ ಮೊಟ್ಟೆಯ ಹಳದಿ ಕಿವುಚಿ ಹಾಕಿದೆ, ಪುಡಿ ಆಹಾರ ಹಾಕಿದೆ. ರೆಪ್ಪೆ ಕೂದಲಿನ ತುಂಡಿನಷ್ಟು ಇರುವ ಆ ಮರಿ ಅಲುಗಾಡುವ ವಸ್ತುವನ್ನಷ್ಟೇ ಬೇಟೆ ಅಂತ ಗುರುತಿಸೋದು. ಹಳದಿ ತಳಕ್ಕೆ ಕೂತು ಕೊಳೆಯಿತು, ನೀರು ಕೆಟ್ಟಿತು. ಹನ್ನೊಂದನೇ ದಿನ ಬೆಳಿಗ್ಗೆ ತೊಟ್ಟಿಯಲ್ಲಿ ಒಂದೂ ಇರಲಿಲ್ಲ. ಮಗಳು ಅಳಲಿಲ್ಲ, ಸುಮ್ನೆ ತೊಟ್ಟಿಯ ಗಾಜಿಗೆ ಮೂಗು ಒತ್ತಿಕೊಂಡು ತುಂಬಾ ಹೊತ್ತು ನಿಂತಿದ್ದಳು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು.

ಈ ಸಲ ಹಾಗಾಗಬಾರದು ಅಂತ ಮೊದಲೇ ತಯಾರಿ ಮಾಡಿದೆ. ಒಣ ಬಾಳೆ ಎಲೆ ನೆನೆಸಿಟ್ಟು, ಅದರ ನೀರಲ್ಲಿ ಹುಟ್ಟುವ ಕಣ್ಣಿಗೆ ಕಾಣದಂಥ ಜೀವಿಗಳನ್ನ ಮೊದಲ ಕೆಲವು ದಿನ ಕೊಟ್ಟೆ. ಆಮೇಲಿಂದ ಆರ್ಟೀಮಿಯಾ ಮರಿ ಅಂದುಕೊಂಡಿದ್ದೆ. ಅಂಗಡಿಯಿಂದ ಜಿಪ್ ಕವರಿನಲ್ಲಿ ಬಿಡಿಯಾಗಿ ಕೊಡುವ ಅದರ ಒಣ ಮೊಟ್ಟೆ ತಂದೆ. ಎರಡು ದಿನ ಕಾದರೂ ಒಂದು ಲೀಟರಿಗೆ ಇಪ್ಪತ್ತು ಮೂವತ್ತು ಮರಿ ಬಂದವೋ ಇಲ್ಲವೋ. ಹೋಗಿ ಕೇಳಿದರೆ ಅಂಗಡಿಯವನು ನಿಮ್ಮ ಉಪ್ಪು ಸರಿ ಇಲ್ಲ ಸಾರ್ ಅಂದ. ಉಪ್ಪು ಬದಲಾಯಿಸಿ ಹೋದರೆ ನೀರು ಸರಿ ಇಲ್ಲ ಅಂದ. ಆಮೇಲೆ ನೋಡಿದೆ, ಅವನ ಡಬ್ಬ ಅಕ್ವೇರಿಯಂಗಳ ಮಧ್ಯೆ ಮುಚ್ಚಳ ಅರ್ಧ ತೆರೆದುಕೊಂಡು ಕೂತಿತ್ತು. ಆ ಮೊಟ್ಟೆಗೆ ಗಾಳಿಯ ತೇವ ತಾಗಿದರೆ ಮುಗಿಯಿತು. ಆ ಮನುಷ್ಯ ಮೋಸಗಾರ ಅಂತ ನಾನು ಹೇಳೋದಿಲ್ಲ, ಮೀನಿನ ಕಾಯಿಲೆ ಅವನಿಗೆ ಚೆನ್ನಾಗಿ ಗೊತ್ತು. ಆದರೆ ಗೊತ್ತಿಲ್ಲ ಅನ್ನುವ ಮಾತು ಅವನ ಬಾಯಲ್ಲಿ ಬರೋದಿಲ್ಲ. ಅಂಥವರ ಹತ್ತಿರ ಸಾಮಾನು ಕೊಳ್ಳಬಹುದು, ಸಲಹೆ ತಗೋಬಾರದು. ಬೇರೆ ಕಡೆಯಿಂದ ಸೀಲ್ ಇರುವ ಡಬ್ಬ ತರಿಸಿದೆ. ಈಗ ಅದು ಫ್ರಿಜ್ಜಿನಲ್ಲಿ, ಗಾಜಿನ ಬಾಟಲಿಯಲ್ಲಿ, ಉಪ್ಪಿನಕಾಯಿ ಪಕ್ಕ ಇದೆ.

ಇದರಲ್ಲಿ ಕಷ್ಟ ಏನೂ ಇಲ್ಲ, ಮಾಡಬೇಕು ಅನ್ನುವವರಿಗೆ ಹೇಳುತ್ತೇನೆ. ಸೋಡಾ ಬಾಟಲಿಯ ತಳ ಕತ್ತರಿಸಿ, ಮುಚ್ಚಳ ಕೆಳಗೆ ಬರೋ ಹಾಗೆ ಬೋರಲು ನಿಲ್ಲಿಸಿ. ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ತೂಕ ಮಾಡಿ ಹಾಕಿ, ಚಮಚದ ಲೆಕ್ಕ ಬೇಡ. ಒಂದು ಚಿಟಿಕೆ ಅಡುಗೆ ಸೋಡಾ, ಅರ್ಧ ಟೀ ಚಮಚ ಮೊಟ್ಟೆ. ಏರ್ ಪಂಪಿನ ಪೈಪು ಕತ್ತಿನ ತಳದವರೆಗೂ ಇಳಿಯಬೇಕು. ಅದರ ತುದಿಗೆ ಏರ್ ಸ್ಟೋನ್ ಅನ್ನುವ ಕಲ್ಲು ಹಾಕಬೇಡಿ, ಸಣ್ಣ ಗುಳ್ಳೆ ಬಂದರೆ ಮೊಟ್ಟೆಗಳೆಲ್ಲ ಮೇಲೆ ಬಾಟಲಿಯ ಗೋಡೆಗೆ ಅಂಟಿಕೊಂಡು ಒಣಗುತ್ತವೆ. ದೊಡ್ಡ ಗುಳ್ಳೆ ಕುದಿಯುವ ಹಾಗೆ ಬರಬೇಕು, ಒಂದು ಮೊಟ್ಟೆಯೂ ತಳದಲ್ಲಿ ಕೂರಬಾರದು. ನೀರು 27, 28 ಡಿಗ್ರಿ ಇದ್ದರೆ ಒಂದು ದಿನಕ್ಕೆ ಮರಿ. ಬೆಂಗಳೂರಿನ ಈ ಮಳೆಯ ಥಂಡಿಗೆ ಪಕ್ಕದಲ್ಲಿ ಹಳೆಯ ಕಾಲದ ಗುಂಡು ಬಲ್ಬ್ ಬೇಕಾಯಿತು. ಬಲ್ಬಿನಿಂದ ಬಿಸಿಯಷ್ಟೇ ಅಲ್ಲ, ಬೆಳಕೂ ಸಿಗುತ್ತದೆ. ಒಣಗಿದ ಮೊಟ್ಟೆ ನೀರು ಕುಡಿದು ಉಬ್ಬಿದ ಮೇಲೆ ಮೊದಲ ಕೆಲವು ಗಂಟೆ ಅದರ ಮೇಲೆ ಬೆಳಕು ಬೀಳಬೇಕು, ಬಿದ್ದರೇ ಚೆನ್ನಾಗಿ ಒಡೆಯುವುದು. ಅಂದರೆ ಎಬ್ಬಿಸೋದೂ ಬೆಳಕೇ, ಕರೆಯೋದೂ ಬೆಳಕೇ. ಇದು ಮೊದಲೇ ಗೊತ್ತಿತ್ತು, ಆದರೆ ಅಮ್ಮ ಹೇಳುವವರೆಗೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಮಂಗಳವಾರ ರಾತ್ರಿ ನಿದ್ದೆ ಬರಲಿಲ್ಲ. ಮಗಳ ಭೂತಗನ್ನಡಿ ತಂದು ಕರ್ಚೀಫಿನಲ್ಲಿ ಉಳಿದಿದ್ದ ಕೆಲವನ್ನ ಬಟ್ಟಲಿಗೆ ಹಾಕಿ ನೋಡಿದೆ. ಅರ್ಧ ಮಿಲಿಮೀಟರ್ ಇದ್ದರೆ ಹೆಚ್ಚು. ತಲೆಯ ಮುಂದೆ ಒಂದೇ ಒಂದು ಕಣ್ಣು, ಕಪ್ಪು ಚುಕ್ಕಿ. ಬೆಳಕು ಯಾವ ಕಡೆ ಇದೆ ಅಂತ ತಿಳಿಯೋಕೆ ಅದಕ್ಕಿರೋದು ಆ ಒಂದು ಕಣ್ಣು. ಹುಟ್ಟಿದ ಹೊಸದರಲ್ಲಿ ಬಾಯಿ ಇನ್ನೂ ಬಿಟ್ಟಿರೋದಿಲ್ಲ, ತಾಯಿ ಕಟ್ಟಿಕೊಟ್ಟ ಬುತ್ತಿಯಲ್ಲೇ ಬದುಕುತ್ತದೆ. ಕಿತ್ತಳೆ ಬಣ್ಣ ಆ ಬುತ್ತಿಯದೇ. ಕೆಲವು ಗಂಟೆ ಕಳೆದರೆ ಅದು ಕರಗುತ್ತಾ ಹೋಗುತ್ತದೆ. ಹಾಗಾಗಿ ಬುತ್ತಿ ಖಾಲಿ ಆಗೋದರೊಳಗೆ ಮೀನಿಗೆ ತಿನ್ನಿಸಿ ಅಂತಲೇ ಎಲ್ಲರೂ ಹೇಳೋದು, ನಾನೂ ಮಾಡೋದು. ತಾಯಿ ಮಗುವಿಗೆ ಅಂತ ಕಟ್ಟಿದ್ದು ಆರೋ ಮುಂಚೆ ಇನ್ನೊಬ್ಬರ ಮಗುವಿನ ಹೊಟ್ಟೆಗೆ.

ಆ ತಾಯಿ ಎಲ್ಲಿಯವಳು ಅಂತಲೂ ಯೋಚಿಸಿದೆ. ನನ್ನ ಡಬ್ಬದ್ದು ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕಿನದು. ಕಾಲ ಚೆನ್ನಾಗಿದ್ದಾಗ ಆ ಹೆಣ್ಣು ನೇರ ಮರಿಯನ್ನೇ ಹಾಕುತ್ತದೆ. ನೀರಿನ ಉಪ್ಪು ಜಾಸ್ತಿ ಆಗಿ, ಉಸಿರಾಟಕ್ಕೆ ತೊಂದರೆ ಆಗಿ ಕೆಟ್ಟ ದಿನ ಬರುತ್ತೆ ಅಂತ ಗೊತ್ತಾದಾಗ ಮರಿ ಹಾಕೋದಿಲ್ಲ, ಗಟ್ಟಿ ಚಿಪ್ಪಿನ ಮೊಟ್ಟೆ ಇಡುತ್ತದೆ. ಚಳಿಗಾಲಕ್ಕೆ ಕೆರೆಯಲ್ಲಿ ದೊಡ್ಡವು ಎಲ್ಲಾ ಸಾಯುತ್ತವೆ. ಉಳಿಯೋದು ಆ ಮೊಟ್ಟೆ ಮಾತ್ರ. ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಸಾಯೋದಿಲ್ಲ. 1972ರಲ್ಲಿ ಅಪೊಲೊ 16ರಲ್ಲಿ ಚಂದ್ರನ ಹತ್ತಿರದವರೆಗೂ ಹೋಗಿ ಬಂದಿದೆ ಈ ಮೊಟ್ಟೆ. ಅಮ್ಮ ಮೊದಲು ಅದನ್ನ ನೋಡಿದಾಗ ನಶ್ಯದ ಪುಡಿ ಅಂದುಕೊಂಡಿದ್ದಳು. ನನ್ನಜ್ಜನ ನಶ್ಯದ ಬಣ್ಣವೇ ಹೌದು. ಕೆಟ್ಟ ಕಾಲ ಬರುತ್ತೆ ಅಂತ ಒಬ್ಬ ತಾಯಿ ಗಂಟು ಕಟ್ಟಿ ಇಟ್ಟಿದ್ದನ್ನ ನಾನು ವಿಜಯನಗರದಲ್ಲಿ ಉಪ್ಪು ನೀರು, ಬಲ್ಬು ತೋರಿಸಿ ಒಳ್ಳೇ ಕಾಲ ಬಂತು ಏಳು ಅಂತ ನಂಬಿಸುತ್ತಿದ್ದೇನೆ. ಇದನ್ನ ಬೇರೆ ಥರ ಹೇಳೋಕೆ ನನಗೆ ಬರುತ್ತಿಲ್ಲ.

ಆ ಕೆರೆಯಲ್ಲಿ ಮೊಟ್ಟೆ ಬಾಚುವವರಿಗೂ ಒಂದು ಲೆಕ್ಕ ಇದೆಯಂತೆ. ನೀರಿನಲ್ಲಿ ಉಳಿದ ಮೊಟ್ಟೆ ಎಣಿಸುತ್ತಾ ಇರುತ್ತಾರೆ, ಮುಂದಿನ ವಸಂತಕ್ಕೆ ಬೇಕಾದಷ್ಟಕ್ಕೆ ಬಂದಾಗ ಆ ವರ್ಷದ ಕೆಲಸ ನಿಲ್ಲುತ್ತದೆ. ವಲಸೆ ಬರುವ ಹಕ್ಕಿಗಳು ಲಕ್ಷಗಟ್ಟಲೆ ಅದೇ ಸೀಗಡಿ ತಿಂದು ಬದುಕುತ್ತವೆ, ಅವಕ್ಕೂ ಬೇಕಲ್ವಾ. ಇದನ್ನ ಓದಿದಾಗ ಅಪ್ಪ ನೆನಪಾದರು.

ನಮ್ಮ ಊರಲ್ಲಿ ಮೊದಲ ಮಳೆಗೆ ಹೊಳೆಯ ಮೀನು ಹಳ್ಳ ಹತ್ತಿ ಗದ್ದೆಗೆ ಬರುತ್ತಿತ್ತು. ಹತ್ತುಮೀನು. ಮೊಟ್ಟೆ ಇಡೋಕೆ ಬರೋದು ಅವು. ಅಪ್ಪ ರಾತ್ರಿ ಕಂಬಳಿ ಕೊಪ್ಪೆ ಹಾಕಿಕೊಂಡು, ಒಂದು ಕೈಯಲ್ಲಿ ಟಾರ್ಚ್, ಒಂದು ಕೈಯಲ್ಲಿ ಕತ್ತಿ ಹಿಡಿದು ಹೋಗುತ್ತಿದ್ದರು. ನಾನೂ ಹೋಗಿದ್ದೇನೆ. ಬೆಳಕು ಬಿದ್ದ ಮೀನು ಒಂದು ಕ್ಷಣ ಅಲ್ಲಾಡದೆ ನಿಲ್ಲುತ್ತದೆ. ಅಷ್ಟು ಹೊತ್ತು ಸಾಕು. ಮನೆಗೆ ತಂದರೆ ಅಮ್ಮ ಚಿಮಣಿ ಬೆಳಕಲ್ಲಿ ಕೂತು ಹೆಚ್ಚುತ್ತಿದ್ದಳು. ಹೊಟ್ಟೆ ಸೀಳಿದರೆ ತುಂಬಾ ತತ್ತಿ. "ತತ್ತಿ ಇರೋದನ್ನ ತರಬೇಡಿ ಅಂತ ಎಷ್ಟು ಸಲ ಹೇಳೋದು ನಿಮಗೆ" ಅನ್ನುತ್ತಿದ್ದಳು. ಕತ್ತಲಲ್ಲಿ ಹೆಂಗೆ ಗೊತ್ತಾಗುತ್ತೆ ಮಾರಾಯ್ತಿ ಅನ್ನುತ್ತಿದ್ದರು ಅಪ್ಪ. ಪ್ರತಿ ಮಳೆಗಾಲ ಇದೇ ಮಾತು, ಇದೇ ಉತ್ತರ. ಸಾರಂತೂ ಆಗುತ್ತಿತ್ತು, ನಾವು ತಿನ್ನುತ್ತಿದ್ದೆವು, ಅಮ್ಮ ಕೊನೆಗೆ ಉಳಿದದ್ದು ತಿನ್ನುತ್ತಿದ್ದಳು. ಅಪ್ಪ ಒಳ್ಳೆಯವರು. ಆದರೆ ಅಮ್ಮ ಹೇಳಿದ್ದರಲ್ಲಿ ಅವರು ಕೇಳಿಸಿಕೊಂಡಿದ್ದು ಬಹಳ ಕಡಿಮೆ, ಈಗ ಅವರಿಲ್ಲದಿದ್ದರೂ ನನಗೆ ಹಾಗೇ ಅನ್ನಿಸುತ್ತದೆ.

ಸಮುದ್ರದಲ್ಲಿ ಎಲ್‌ಇಡಿ ದೀಪ ಬಿಟ್ಟು ಮೀನು ಕರೆದು ಬಲೆ ಹಾಕುವುದನ್ನ 2017ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. ಆ ಬೆಳಕಿಗೆ ದೊಡ್ಡದು ಸಣ್ಣದು ಮರಿ ಅಂತಿಲ್ಲದೆ ಎಲ್ಲಾ ಬಂದುಬಿಡುತ್ತವೆ, ನಾಡದೋಣಿಯವರಿಗೆ ಏನೂ ಉಳಿಯೋದಿಲ್ಲ ಅನ್ನುವ ಕೂಗಿತ್ತು. ಸುದ್ದಿ ಓದಿದಾಗ ಸರಿಯಾಯಿತು ಅಂದುಕೊಂಡಿದ್ದೆ. ನನ್ನ ಕೈಯಲ್ಲಿ ಇದ್ದ ಟಾರ್ಚಿಗೂ ಅದಕ್ಕೂ ಸಂಬಂಧ ಇದೆ ಅಂತ ಅನ್ನಿಸಿರಲಿಲ್ಲ. ಸಂಬಂಧ ಇದೆಯೋ ಇಲ್ಲವೋ ಈಗಲೂ ಖಾತ್ರಿ ಇಲ್ಲ. ಮರಿಗಳಿಗೆ ಊಟ ಬೇಕು, ಅದಂತೂ ಖಾತ್ರಿ.

ಬುಧವಾರ ಟಾರ್ಚ್ ಇಲ್ಲದೆ ತೆಗೆದು ನೋಡಿದೆ. ಗಾಳಿ ನಿಲ್ಲಿಸಿ ಸುಮ್ಮನೆ ಬಿಟ್ಟೆ. ಚಿಪ್ಪು ತೇಲುತ್ತದೆ, ಒಡೆಯದ ಮೊಟ್ಟೆ ತಳ ಸೇರುತ್ತದೆ, ಆದರೆ ಮರಿಗಳು ಎಲ್ಲಾ ಕಡೆ ಹರಡಿಕೊಂಡವು. ಪೈಪಿನಲ್ಲಿ ಮೂರೂ ಬೆರೆತು ಬಂದವು. ಆ ಚಿಪ್ಪು ಮೀನಿನ ಮರಿಗೆ ಜೀರ್ಣ ಆಗೋದಿಲ್ಲ, ಕರುಳಿಗೆ ಸಿಕ್ಕಿಕೊಂಡರೆ ಸಾಯುತ್ತದೆ. ಚಮಚದಲ್ಲಿ ಒಂದು ಗಂಟೆ ಕೂತು ಬೇರೆ ಮಾಡಿ ಕೊಟ್ಟೆ. ಅರ್ಧಕ್ಕರ್ಧ ಮರಿಗಳ ಹೊಟ್ಟೆ ಖಾಲಿಯೇ ಉಳಿಯಿತು.

ಗುರುವಾರ ರಾತ್ರಿ ಮತ್ತೆ ಟಾರ್ಚ್ ತೆಗೆದೆ. ಅಮ್ಮ ಬಂದಳು. ಏನೂ ಕೇಳದೆ ಕೈ ಚಾಚಿದಳು. "ಕೊಡು ಇಲ್ಲಿ, ನೀನು ಪೈಪ್ ನೋಡು." ನನ್ನ ಕೈಯಿಂದ ಮೊಬೈಲ್ ತಗೊಂಡು ಅಲ್ಲಾಡದ ಹಾಗೆ ಹಿಡಿದಳು. ಚುಕ್ಕಿಗಳು ಇಳಿದು ಬಂದವು. ಅವಳ ಮುಖಕ್ಕೂ ಆ ಕಿತ್ತಳೆ ಬೆಳಕು ಸ್ವಲ್ಪ ಬಿದ್ದಿತ್ತು. ನಾನು ಎಳೆಯುತ್ತಿರುವಾಗ "ಎಲ್ಲಾ ತೆಗೀಬೇಡ, ಒಂಚೂರು ಅಲ್ಲೇ ಬಿಡು" ಅಂದಳು. ಬಿಟ್ಟೆ. ಉಳಿದ ನೀರನ್ನ ಹಾರ್ಲಿಕ್ಸ್ ಬಾಟಲಿಗೆ ಸುರಿದು, ತಿನ್ನೋಕೆ ಏನು ಕೊಡ್ತೀಯ ಅಂತ ಕೇಳಿದಳು. ಬಾಯಿ ಬಿಟ್ಟ ಮೇಲೆ ಯೀಸ್ಟ್ ಕದಡಿ ಒಂದೆರಡು ಹನಿ ಹಾಕಬಹುದು ಅಂದೆ. ಆಮೇಲೆ ಮೀನಿನ ತೊಟ್ಟಿಯ ಮುಂದೆ ಕೂತೆವು. ತಿಂದ ಮರಿಗಳ ಹೊಟ್ಟೆ ಕಿತ್ತಳೆಯಾಗಿ ಗುಂಡಗಾಗಿತ್ತು, ಮೈ ಗಾಜಿನ ಹಾಗಿರೋದರಿಂದ ಹೊರಗಿಂದಲೇ ಕಾಣುತ್ತದೆ. "ತುಂಬಿರೋದು ಕಾಣುತ್ತೆ ಅಲ್ವಾ" ಅಂದಳು ಅಮ್ಮ. ನಾವು ಚಿಕ್ಕವರಿದ್ದಾಗ ಊಟ ಆದ ಮೇಲೆ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು ಇವಳು, ನಿಜವಾಗಲೂ ತುಂಬಿದೆಯಾ ಅಂತ.

ಅವತ್ತಿನ ಮಾತು ಅಪ್ಪನಿಗೆ ಹೇಳಿದ್ದಾ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ.

ಶನಿವಾರ ಬೆಳಗಿನ ಬಸ್ಸಿಗೆ ಊರಿಗೆ ಹೋದಳು. ಇವತ್ತು ಫೋನ್ ಮಾಡಿದಾಗ ಮೊದಲು ಕೇಳಿದ್ದು ಹಾರ್ಲಿಕ್ಸ್ ಬಾಟಲಿ.

"ಇದಾವೇನೋ?"

"ಇದಾವಮ್ಮ. ಸ್ವಲ್ಪ ಉದ್ದ ಆಗಿದಾವೆ."

"ಬೆಳಕಿಗೆ ಇಟ್ಟಿದೀಯಾ?"

ಕಿಟಕಿ ಹತ್ತಿರ ಇದೆ ಅಂದೆ. ಹ್ಞೂಂ ಅಂದಳು. ಅಲ್ಲಿ ಎರಡು ದಿನದಿಂದ ಕರೆಂಟಿಲ್ಲವಂತೆ, ಮಳೆ ಬಿಟ್ಟೇ ಇಲ್ಲ, ಕೆಳಗಿನ ಗದ್ದೆಗೆ ನೀರು ನುಗ್ಗಿದೆ. ರಾತ್ರಿ ಹಳ್ಳದ ಕಡೆ ಹುಡುಗರ ಟಾರ್ಚ್ ಓಡಾಡೋದು ಅಡುಗೆಮನೆ ಕಿಟಕಿಯಿಂದ ಕಾಣುತ್ತಂತೆ.